ಎಂಟು ಗಂಟೆ ಕೆಲಸ, ಅಂಬೇಡ್ಕರ್ ಮತ್ತು ನಿಪ್ಪಾಣಿ: ಆ ಫಾರ್ವರ್ಡ್‌ನಲ್ಲಿ ಸರಿ ಎಷ್ಟು, ತಪ್ಪು ಎಷ್ಟು?

ಏಪ್ರಿಲ್ 14 ಬಂದರೆ ಅಥವಾ ಮೇ 1 ಹತ್ತಿರವಾದರೆ ಒಂದು ಸಂದೇಶ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಭಾರತದಲ್ಲಿ ಎಲ್ಲ ಕಾರ್ಮಿಕರೂ ದಿನಕ್ಕೆ 14 ಗಂಟೆ ದುಡಿಯುತ್ತಿದ್ದರು, ಡಾ. ಬಿ.ಆರ್. ಅಂಬೇಡ್ಕರ್ ಒಂದೇ ದಿನದಲ್ಲಿ ಅದನ್ನು 8 ಗಂಟೆಗೆ ಇಳಿಸಿದರು ಎಂಬ ಸಂದೇಶ ಅದು. ಕೆಲವು ಫಾರ್ವರ್ಡ್‌ಗಳಲ್ಲಿ 1942ರ ನವೆಂಬರ್ 27 ಎಂಬ ತಾರೀಕೂ ಇರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಗ್ರೂಪುಗಳಲ್ಲಿ ಇದನ್ನು ಹಂಚುವವರ ಉದ್ದೇಶ ಒಳ್ಳೆಯದೇ. ಹಾಗಂತ ಸಂದೇಶದಲ್ಲಿರುವುದೆಲ್ಲ ನಿಜವಲ್ಲ. ಅದಕ್ಕಿಂತ ಮುಖ್ಯವಾಗಿ, ಅವರು ನಿಜವಾಗಿ ಮಾಡಿದ ಕೆಲಸ ಈ ಫಾರ್ವರ್ಡ್ ಹೇಳುವುದಕ್ಕಿಂತ ದೊಡ್ಡದು. ಅದು ಗಡಿಯಾರದ ಗಂಟೆಗಳ ಲೆಕ್ಕ ಮಾತ್ರ ಆಗಿರಲಿಲ್ಲ. ದುಡಿಯುವ ಜಾಗದಲ್ಲಿ ಮನುಷ್ಯನ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಸ್ವತಃ ಅನುಭವಿಸಿದವರೊಬ್ಬರು ಅದಕ್ಕೆ ಪದ್ಧತಿ ಪ್ರಕಾರ ಪರಿಹಾರ ಹುಡುಕಿದ ಕಥೆ ಅದು.

ಇವತ್ತು ಕಂಪನಿಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮ, ಕೆಲಸದ ಸ್ಥಳದ ಮಾನಸಿಕ ಸುರಕ್ಷತೆ ಎಂಬ ಮಾತುಗಳು ಕೇಳಿಬರುತ್ತವೆ. ಅದಕ್ಕೆ 2021ರಲ್ಲಿ ಐಎಸ್ಒ 45003 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಬಂತು. ಇದೆಲ್ಲ ಬೆಂಗಳೂರಿನ ಐಟಿ ಕಂಪನಿಯವರ ವಿಷಯ, ಕಬ್ಬು ಕಡಿಯುವವರಿಗೂ ಬೀಡಿ ಕಟ್ಟುವವರಿಗೂ ಎಲ್ಲಿಯ ಟೆನ್ಷನ್ ಎನ್ನುವವರು ನಮ್ಮಲ್ಲಿ ಬಹಳ. ಅದೂ ಒಂದು ಮಿಥ್ಯೆಯೇ. ಅಂಬೇಡ್ಕರರ ಬದುಕನ್ನು ಕೆಲಸದ ಜಾಗದ ಕಣ್ಣಿನಿಂದ ನೋಡಿದರೆ ಈ ಎರಡೂ ವಿಷಯ ತಿಳಿಯಾಗುತ್ತವೆ.

ಜವಾನ ಇಲ್ಲದಿದ್ದರೆ ನೀರಿಲ್ಲ

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ದಂಡುಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಲ್ ಸೇನೆಯಲ್ಲಿ ಸುಬೇದಾರರು. ನಿವೃತ್ತಿಯ ನಂತರ ಕುಟುಂಬ ಸಾತಾರಕ್ಕೆ ಬಂತು. ಅಲ್ಲಿನ ಶಾಲೆಯಲ್ಲಿ ಈ ಹುಡುಗ ಬೇರೆ ಮಕ್ಕಳ ಜೊತೆ ಕೂರುವಂತಿರಲಿಲ್ಲ. ಮನೆಯಿಂದ ಒಂದು ಗೋಣಿಚೀಲ ತಂದು, ಅದರ ಮೇಲೆ ಮೂಲೆಯಲ್ಲಿ ಕೂತು, ಸಂಜೆ ಅದನ್ನು ಮತ್ತೆ ಮನೆಗೆ ಒಯ್ಯಬೇಕು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ. ಶಾಲೆಯ ಜವಾನ ಬಂದು ತಿರುಗಿಸಿದರೆ ಕುಡಿಯಬಹುದು. ಜವಾನ ರಜೆಯಲ್ಲಿದ್ದರೆ ಆ ದಿನ ನೀರಿಲ್ಲ.

ಇದನ್ನು ಸ್ವಲ್ಪ ಗಮನಿಸಿ. ಆ ಜವಾನ ಕೆಟ್ಟವನೇ ಆಗಿರಬೇಕಿಲ್ಲ. ಮೇಷ್ಟ್ರೂ ಒಳ್ಳೆಯವರೇ ಇದ್ದಿರಬಹುದು. ಹುಡುಗನನ್ನು ಬಾಯಾರಿಸಿದ್ದು ಒಬ್ಬರ ಸಿಟ್ಟಲ್ಲ, ಒಂದು ವ್ಯವಸ್ಥೆ. ಒಳ್ಳೆಯ ಜನರೂ ಕೆಟ್ಟ ವ್ಯವಸ್ಥೆಯೊಳಗೆ ಕೆಟ್ಟ ಫಲವನ್ನೇ ಕೊಡುತ್ತಾರೆ ಎಂಬ ಮಾತನ್ನು ಗುಣಮಟ್ಟ ನಿರ್ವಹಣೆಯ ತಜ್ಞರು ಕಾರ್ಖಾನೆಗಳಲ್ಲಿ ಬಹಳ ತಡವಾಗಿ ಹೇಳತೊಡಗಿದರು. ಸಾತಾರದ ಹುಡುಗನಿಗೆ ಅದು ಪ್ರಾಥಮಿಕ ಶಾಲೆಯಲ್ಲೇ ಗೊತ್ತಾಗಿತ್ತು.

ಮುಂದೆ ಮುಂಬೈ, ಎಲ್ಫಿನ್‌ಸ್ಟನ್ ಕಾಲೇಜು, 1912ರಲ್ಲಿ ಬಿ.ಎ. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ, ಅಲ್ಲಿಂದ ಲಂಡನ್. ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ಬಡೋದೆಯ ಹನ್ನೊಂದು ದಿನ

ವಿದ್ಯಾರ್ಥಿವೇತನದ ಕರಾರಿನ ಪ್ರಕಾರ ಬಡೋದೆ ಸಂಸ್ಥಾನದಲ್ಲಿ ಸೇವೆ ಸಲ್ಲಿಸಬೇಕಿತ್ತು. 1917ರಲ್ಲಿ, 26ನೇ ವಯಸ್ಸಿನಲ್ಲಿ, ಅವರು ಅಲ್ಲಿನ ಅಕೌಂಟೆಂಟ್ ಜನರಲ್ ಕಚೇರಿಗೆ ಪ್ರೊಬೇಷನರ್ ಆಗಿ ಸೇರಿದರು. ಆ ಕಚೇರಿಯಲ್ಲಿ ಅವರಷ್ಟು ಓದಿದವರು ಎಷ್ಟು ಮಂದಿ ಇದ್ದರೋ! ಆದರೆ ಜವಾನರು ಫೈಲುಗಳನ್ನು ಅವರ ಕೈಗೆ ಕೊಡುತ್ತಿರಲಿಲ್ಲ, ಮುಟ್ಟಿದರೆ ಮೈಲಿಗೆ ಎಂದು ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರು ಎಂದು ಅವರ ಜೀವನಚರಿತ್ರೆಕಾರರು ಬರೆದಿದ್ದಾರೆ. ಕಚೇರಿಯಲ್ಲಿ ಕುಡಿಯಲು ನೀರು ಸಿಗುತ್ತಿರಲಿಲ್ಲ.

ಉಳಿಯಲು ಊರಿನಲ್ಲಿ ಎಲ್ಲೂ ಜಾಗ ಸಿಗಲಿಲ್ಲ. ಕೊನೆಗೆ ಒಂದು ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಸೇರಿಕೊಂಡರು. ಹನ್ನೊಂದನೆಯ ದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ ಹತ್ತಾರು ಪಾರ್ಸಿಗಳು ಕೋಲು ಹಿಡಿದು ಬಂದು ನಿಂತರು. ಸಂಜೆಯೊಳಗೆ ಛತ್ರ ಖಾಲಿ ಮಾಡಬೇಕೆಂದು ಬೆದರಿಸಿದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರೂ ಮನೆಯಲ್ಲಿ ಇರಿಸಿಕೊಳ್ಳಲಾಗದ ಪರಿಸ್ಥಿತಿ ಹೇಳಿದರು. ಅಂಬೇಡ್ಕರ್ ಊರಿನ ಕಾಮಾಟಿ ಬಾಗ್ ಎಂಬ ಉದ್ಯಾನದಲ್ಲಿ ಗಂಟೆಗಟ್ಟಲೆ ಕೂತು ರಾತ್ರಿ ರೈಲು ಹತ್ತಿ ಮುಂಬೈಗೆ ವಾಪಸಾದರು. ಕೆಲಸ ಅಲ್ಲಿಗೇ ಮುಗಿಯಿತು.

ಈ ಪ್ರಸಂಗವನ್ನು ಅವರು ಸುಮಾರು 18 ವರ್ಷಗಳ ನಂತರ ಬರೆದಿಟ್ಟರು. ಅಷ್ಟು ವರ್ಷ ಕಳೆದರೂ ಅದನ್ನು ನೆನೆದರೆ ಕಣ್ಣೀರು ಬರುತ್ತದೆ ಎಂದೇ ಹೇಳಿಕೊಂಡಿದ್ದಾರೆ. ಆ ಹೊತ್ತಿಗೆ ಅವರು ಬ್ಯಾರಿಸ್ಟರ್, ಡಾಕ್ಟರೇಟ್ ಪಡೆದವರು, ದೇಶಕ್ಕೆಲ್ಲ ಗೊತ್ತಿದ್ದ ನಾಯಕರು. ಕಾಲ ಕಳೆದರೆ ಅವಮಾನ ತಾನಾಗಿ ಮರೆತುಹೋಗುತ್ತದೆ, ಗಟ್ಟಿ ಮನಸ್ಸಿನವರಿಗೆ ಇದೆಲ್ಲ ತಟ್ಟುವುದಿಲ್ಲ ಎನ್ನುವವರು ಈ ಒಂದು ಸಂಗತಿ ನೆನಪಿಡಬೇಕು.

ವಿಜ್ಞಾನ ಏನು ಹೇಳುತ್ತದೆ? ಲಂಡನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಗಮನಿಸಿದ ವೈಟ್‌ಹಾಲ್ ಅಧ್ಯಯನಗಳು ಪ್ರಸಿದ್ಧ. ದೊಡ್ಡ ಸಾಹೇಬರಿಗೆ ಟೆನ್ಷನ್ ಜಾಸ್ತಿ, ಹಾಗಾಗಿ ಹೃದಯಾಘಾತವೂ ಅವರಿಗೇ ಜಾಸ್ತಿ ಎಂದು ಜನ ನಂಬಿದ್ದರು. ಕಂಡದ್ದು ತದ್ವಿರುದ್ಧ. ಕೆಳದರ್ಜೆಯ ನೌಕರರಲ್ಲೇ ಹೃದ್ರೋಗ ಹೆಚ್ಚು ಇತ್ತು. ಬೀಡಿ ಸಿಗರೇಟು, ರಕ್ತದೊತ್ತಡ ಮುಂತಾದ್ದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಆ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರುವುದು ಅದಕ್ಕೆ ಒಂದು ಕಾರಣ ಎಂದು ಸಂಶೋಧಕರು ಗುರುತಿಸಿದರು. ಎಷ್ಟು ಹೊತ್ತಿಗೆ ಏನಾಗುತ್ತದೋ, ಯಾರು ಬೈಯುತ್ತಾರೋ, ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲಿ ದೇಹ ಸದಾ ಅಪಾಯದ ಸ್ಥಿತಿಯಲ್ಲೇ ಇರುತ್ತದೆ. ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ. ಇದು ಕುರ್ಚಿಯಲ್ಲಿ ಕೂತವರಿಗೂ ಒಂದೇ, ಗದ್ದೆಯಲ್ಲಿ ನಿಂತವರಿಗೂ ಒಂದೇ.

1918ರ ಕೊನೆಗೆ ಅಂಬೇಡ್ಕರ್ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ವಿದ್ಯಾರ್ಥಿಗಳು ಅವರ ಪಾಠ ಮೆಚ್ಚಿದರು. ಆದರೆ ಸಿಬ್ಬಂದಿ ಕೋಣೆಯ ನೀರಿನ ಪಾತ್ರೆಯಿಂದ ಅವರು ಕುಡಿಯಬಾರದೆಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರು. ಮತ್ತೆ ನೀರು!

ನಮ್ಮ ಕಡೆಗೆ ಬಂದದ್ದು

ಇಲ್ಲಿ ಗಡಿಯಾಚೆಯ ಒಂದು ಮಾತು. ಕೊಲ್ಹಾಪುರದ ಶಾಹು ಮಹಾರಾಜರ ಅರಮನೆ ಚಾಕರಿಯಲ್ಲಿದ್ದ ಗಂಗಾರಾಮ ಕಾಂಬಳೆ ಎಂಬುವರು ಸವರ್ಣೀಯರ ನೀರು ಮುಟ್ಟಿದರೆಂದು ಜೊತೆಯ ನೌಕರರೇ ಹೊಡೆದರಂತೆ. ಮಹಾರಾಜರು ಹೊಡೆದವರನ್ನು ಶಿಕ್ಷಿಸಿ, ಗಂಗಾರಾಮರಿಗೆ ಚಹದ ಅಂಗಡಿ ಇಟ್ಟುಕೊಳ್ಳಲು ನೆರವಾಗಿ, ತಾವೇ ಅಲ್ಲಿ ಗಾಡಿ ನಿಲ್ಲಿಸಿ ಎಲ್ಲರ ಎದುರು ಚಹ ಕುಡಿಯುತ್ತಿದ್ದರೆಂದು ಕೊಲ್ಹಾಪುರದಲ್ಲಿ ಇಂದಿಗೂ ಹೇಳುತ್ತಾರೆ. ಕೆಲಸದ ಜಾಗದ ಕಿರುಕುಳಕ್ಕೆ ಮೇಲಿನವರು ಹೇಗೆ ಸ್ಪಂದಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಸರಳ ಪಾಠ ನನಗೆ ಗೊತ್ತಿಲ್ಲ. ಆದರೆ ಇದರಲ್ಲಿ ಒಂದು ಕೊರತೆಯೂ ಇದೆ. ರಾಜ ಒಳ್ಳೆಯವನಾದರೆ ನ್ಯಾಯ, ಇಲ್ಲದಿದ್ದರೆ ಇಲ್ಲ.

ಅದೇ ಶಾಹು ಮಹಾರಾಜರ ನೆರವಿನಿಂದ 1920ರ ಜನವರಿಯಲ್ಲಿ ಅಂಬೇಡ್ಕರ್ ಮೂಕನಾಯಕ ಪತ್ರಿಕೆ ಆರಂಭಿಸಿದರು. ಅದೇ ಮಾರ್ಚಿನಲ್ಲಿ ಕೊಲ್ಹಾಪುರ ಸಂಸ್ಥಾನದ ಮಾಣಗಾಂವದಲ್ಲಿ ನಡೆದ ಪರಿಷತ್ತಿನಲ್ಲಿ ಮಹಾರಾಜರೇ ಅವರನ್ನು ಜನರ ಮುಂದೆ ನಿಲ್ಲಿಸಿದರು. ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿ 1923ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ. 1925ರ ಏಪ್ರಿಲ್‌ನಲ್ಲಿ ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷರಾಗಿ ಅವರು ಬಂದದ್ದು ನಮ್ಮ ನಿಪ್ಪಾಣಿಗೆ. ಮಹಾಡದ ಚವದಾರ ಕೆರೆಯ ಸತ್ಯಾಗ್ರಹಕ್ಕೂ ಎರಡು ವರ್ಷ ಮೊದಲು. 1929ರಲ್ಲಿ ಧಾರವಾಡದಲ್ಲಿ ಅವರ ಪ್ರಯತ್ನದಿಂದ ವಿದ್ಯಾರ್ಥಿನಿಲಯ ಶುರುವಾಯಿತು. 1937ರ ಚುನಾವಣೆಯಲ್ಲಿ ಅವರ ಸ್ವತಂತ್ರ ಮಜೂರ ಪಕ್ಷದಿಂದ ಬಳವಂತರಾವ್ ವರಾಳೆ ಬೆಳಗಾವಿ ಜಿಲ್ಲೆಯಿಂದ ಮುಂಬೈ ವಿಧಾನಸಭೆಗೆ ಆರಿಸಿಹೋದರು. ಪಕ್ಷದ ಹೆಸರಲ್ಲೇ ಮಜೂರ ಎಂದಿರುವುದನ್ನು ಗಮನಿಸಿ.

ದಾರ, ಲಾಳಿ ಮತ್ತು ಎಂಜಲು

ಮುಂಬೈನ ಬಟ್ಟೆ ಗಿರಣಿಗಳಲ್ಲಿ ಒಂದು ವಿಚಿತ್ರ ಸಂಗತಿ ಇತ್ತು. ಒಳ್ಳೆಯ ಕೂಲಿ ಸಿಗುತ್ತಿದ್ದುದು ನೇಯುವ ವಿಭಾಗದಲ್ಲಿ. ಅಲ್ಲಿ ದಾರ ಮುಗಿದಾಗ ಲಾಳಿಯ ತೂತಿನಿಂದ ಹೊಸ ದಾರವನ್ನು ಬಾಯಿಂದ ಹೀರಿ ಎಳೆಯಬೇಕಿತ್ತು. ಅಸ್ಪೃಶ್ಯರ ಎಂಜಲು ತಗುಲಿದ ಲಾಳಿಯನ್ನು ನಾವು ಬಾಯಿಗಿಡುವುದು ಹೇಗೆ ಎಂದು ಉಳಿದ ನೇಕಾರರು ಅವರನ್ನು ಆ ವಿಭಾಗಕ್ಕೆ ಸೇರಿಸುತ್ತಿರಲಿಲ್ಲ. ಲಾಳಿಗೆ ಎಲ್ಲರೂ ಬಾಯಿ ಹಚ್ಚುವುದೇ ಅನಾರೋಗ್ಯಕರ ಪದ್ಧತಿ, ಕ್ಷಯದಂಥ ರೋಗ ಹರಡುವ ದಾರಿ. ಅದನ್ನು ಬದಲಿಸುವ ಬದಲು ಮನುಷ್ಯರನ್ನೇ ಹೊರಗಿಟ್ಟರು.

1928ರ ದೊಡ್ಡ ಗಿರಣಿ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಈ ಪ್ರಶ್ನೆ ಎತ್ತಿದರು. ಮಾಲೀಕರ ವಿರುದ್ಧ ಒಗ್ಗಟ್ಟಿನ ಮಾತಾಡುವ ಸಂಘಗಳೇ ತಮ್ಮೊಳಗಿನ ಈ ಬೇಲಿಯ ಬಗ್ಗೆ ಮೌನವಾಗಿದ್ದವು. 1938ರಲ್ಲಿ ಮನಮಾಡದ ರೈಲ್ವೆ ಕಾರ್ಮಿಕರ ಸಭೆಯಲ್ಲೂ ಅವರು ಇದನ್ನೇ ಬಿಡಿಸಿ ಹೇಳಿದರು. ದಲಿತ ಗ್ಯಾಂಗ್‌ಮನ್ ಜೀವನವಿಡೀ ಗ್ಯಾಂಗ್‌ಮನ್ ಆಗಿಯೇ ಉಳಿಯುತ್ತಾನೆ. ಹಮಾಲನಾಗುವುದಕ್ಕೂ ಸಾಧ್ಯವಿಲ್ಲ, ಏಕೆಂದರೆ ಸ್ಟೇಷನ್ ಮಾಸ್ತರರು ಹಮಾಲನನ್ನು ಮನೆಕೆಲಸಕ್ಕೂ ಬಳಸಿಕೊಳ್ಳುತ್ತಿದ್ದರು. ಮಾಲೀಕನ ಶೋಷಣೆ ಒಂದು, ಜೊತೆಗಾರನ ಅವಮಾನ ಇನ್ನೊಂದು, ಎರಡನ್ನೂ ಒಟ್ಟಿಗೇ ಎದುರಿಸಬೇಕು ಎನ್ನುವುದು ಅವರ ನಿಲುವು. ಕೆಲಸದ ಜಾಗದ ಮನಸ್ಸಿನ ನೋವು ಮೇಲಧಿಕಾರಿಯಿಂದ ಮಾತ್ರ ಬರುತ್ತದೆ ಎಂದುಕೊಳ್ಳುವುದು ತಪ್ಪು. ಐಎಸ್ಒ 45003 ಕೂಡ ಸಹೋದ್ಯೋಗಿಗಳ ನಡುವಿನ ಸಂಬಂಧ, ಹೊರಗಿಡುವಿಕೆ, ಕಿರುಕುಳ ಎಲ್ಲವನ್ನೂ ಅಪಾಯಗಳ ಪಟ್ಟಿಯಲ್ಲಿ ಸೇರಿಸುತ್ತದೆ.

1928ರಲ್ಲೇ ಮುಂಬೈ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅಂಬೇಡ್ಕರ್ ಅದನ್ನು ಬೆಂಬಲಿಸಿದರು. 1929ರಲ್ಲಿ ಅದು ಕಾಯ್ದೆಯಾಯಿತು.

ಕಾರ್ಮಿಕ ಖಾತೆ: ಮೊದಲು ಎಣಿಸಿ ನೋಡಿ

1942ರ ಜುಲೈನಲ್ಲಿ ಅಂಬೇಡ್ಕರ್ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಇಂದಿನ ಮಾತಲ್ಲಿ ಕೇಂದ್ರ ಕಾರ್ಮಿಕ ಮಂತ್ರಿ. 1946ರವರೆಗೆ ಆ ಸ್ಥಾನದಲ್ಲಿದ್ದರು. ಫಾರ್ವರ್ಡ್‌ಗಳು ಇಲ್ಲಿಂದ ನೇರ ಎಂಟು ಗಂಟೆಗೆ ಜಿಗಿಯುತ್ತವೆ. ನಡುವೆ ನಡೆದ ಕೆಲಸವೇ ನಿಜವಾದ ಕಥೆ.

ಗುಣಮಟ್ಟ ನಿರ್ವಹಣೆ ಎಂದರೆ ಏನು? ದೊಡ್ಡ ಮಾತೇನಲ್ಲ. ಮೊದಲು ತೊಂದರೆ ಎಲ್ಲಿದೆ ಎಂದು ಅಳೆದು ನೋಡಿ ಯೋಜನೆ ಮಾಡುವುದು, ಜಾರಿಗೆ ತರುವುದು, ಜಾರಿಯಾಗಿದೆಯೇ ಎಂದು ತಪಾಸಣೆ ಮಾಡುವುದು, ತಪ್ಪಿದ್ದಲ್ಲಿ ತಿದ್ದಿ ಮತ್ತೆ ಮೊದಲಿನಿಂದ ನೋಡುವುದು. ಬೆಲ್ಲ ಕಾಯಿಸುವವರು ಹದ ನೋಡಿ ನೋಡಿ ಉರಿ ಬದಲಿಸುತ್ತಾರಲ್ಲ, ಅದೇ. ಅಂಬೇಡ್ಕರ್ ಈ ಹೆಸರಿಟ್ಟು ಕರೆಯಲಿಲ್ಲ. ಆದರೆ ಅವರ ಖಾತೆಯ ಕೆಲಸ ಸಾಗಿದ್ದು ಹೆಚ್ಚುಕಡಿಮೆ ಈ ಕ್ರಮದಲ್ಲೇ.

1942ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಒಂದೇ ಮೇಜಿನ ಸುತ್ತ ಕೂರುವ ತ್ರಿಪಕ್ಷೀಯ ಸಮ್ಮೇಳನ ನಡೆಯಿತು. ಅದನ್ನು ಕಾಯಂ ವ್ಯವಸ್ಥೆಯಾಗಿ ಮಾಡಿ ಒಂದು ಸ್ಥಾಯಿ ಕಾರ್ಮಿಕ ಸಮಿತಿಯನ್ನೂ ರಚಿಸಲಾಯಿತು. ಯಾರಿಗೆ ನೋವಾಗುತ್ತಿದೆಯೋ ಅವರನ್ನು ಕೇಳದೆ ನಿಯಮ ಮಾಡಬಾರದು ಎಂಬ ತತ್ವ ಇದು. 1944ರಲ್ಲಿ ಡಿ.ವಿ. ರೇಗೆ ಅಧ್ಯಕ್ಷತೆಯ ಕಾರ್ಮಿಕ ತನಿಖಾ ಸಮಿತಿ ನೇಮಕವಾಯಿತು. ಅದು ಕೂಲಿ, ದುಡಿಮೆಯ ಅವಧಿ, ವಸತಿ, ಸಾಲ ಎಲ್ಲವನ್ನೂ ಉದ್ಯಮದಿಂದ ಉದ್ಯಮಕ್ಕೆ ಹೋಗಿ ಪರಿಶೀಲಿಸಿತು. ಬೀಡಿ ಉದ್ಯಮದ ಬಗ್ಗೆಯೇ ಪ್ರತ್ಯೇಕ ವರದಿ ಬಂತು.

1943ರ ಡಿಸೆಂಬರ್‌ನಲ್ಲಿ ಅಂಬೇಡ್ಕರ್ ಧನಬಾದಿಗೆ ಹೋಗಿ ಕಲ್ಲಿದ್ದಲ ಗಣಿಯೊಳಗೆ ಸ್ವತಃ ಇಳಿದು ನೋಡಿದರು. 1944ರ ಆರಂಭದಲ್ಲೇ ಕಲ್ಲಿದ್ದಲ ಮೇಲೆ ಕರ ಹಾಕಿ ಗಣಿ ಕಾರ್ಮಿಕರ ಕಲ್ಯಾಣ ನಿಧಿ ಸ್ಥಾಪಿಸುವ ಸುಗ್ರೀವಾಜ್ಞೆ ಬಂತು.

ಫಾರ್ವರ್ಡ್‌ಗಳು ಹೇಳದ ಒಂದು ವಿಷಯ ಇಲ್ಲಿ ಹೇಳಲೇಬೇಕು. ಹೆಂಗಸರು ಗಣಿಯೊಳಗೆ ಇಳಿದು ದುಡಿಯುವುದಕ್ಕೆ 1937ರಲ್ಲೇ ನಿಷೇಧ ಬಂದಿತ್ತು. ಯುದ್ಧಕಾಲದ ಕಲ್ಲಿದ್ದಲ ಕೊರತೆ ಎಂದು 1943ರಲ್ಲಿ ಸರ್ಕಾರ ಆ ನಿಷೇಧವನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು. ಆಗ ಕಾರ್ಮಿಕ ಖಾತೆ ಅಂಬೇಡ್ಕರರದ್ದೇ. ದೇಶದ ಒಳಗೂ ಹೊರಗೂ ಟೀಕೆ ಬಂತು. ಗಂಡಸರಷ್ಟೇ ಕೂಲಿ ಹೆಂಗಸರಿಗೂ ಎಂಬ ಷರತ್ತು ಇಟ್ಟಿರುವುದಾಗಿ ಅವರು ಶಾಸನಸಭೆಯಲ್ಲಿ ಸಮರ್ಥಿಸಿಕೊಂಡರು. 1946ರ ಫೆಬ್ರವರಿಯಲ್ಲಿ ನಿಷೇಧ ಮತ್ತೆ ಜಾರಿಗೆ ಬಂತು. ಇದು ಅವರ ಅಧಿಕಾರಾವಧಿಯ ಕಹಿ ಅಧ್ಯಾಯ ಎಂದೇ ನನ್ನ ಅನಿಸಿಕೆ. ಮುಚ್ಚಿಡುವುದರಿಂದ ಅವರಿಗೆ ಗೌರವ ಹೆಚ್ಚುವುದಿಲ್ಲ.

ಹಾಗಾದರೆ 14 ಗಂಟೆ, 8 ಗಂಟೆ?

ಈಗ ಫಾರ್ವರ್ಡ್‌ಗೆ ಬರೋಣ. 1942ರಲ್ಲಿ ಕಾನೂನು 14 ಗಂಟೆ ದುಡಿಸಲು ಬಿಡುತ್ತಿರಲಿಲ್ಲ. 1922ರ ತಿದ್ದುಪಡಿಯಿಂದ ಕಾರ್ಖಾನೆಗಳಲ್ಲಿ ದಿನಕ್ಕೆ 11, ವಾರಕ್ಕೆ 60 ಗಂಟೆಯ ಮಿತಿ ಇತ್ತು. 1934ರ ಕಾರ್ಖಾನೆ ಕಾಯ್ದೆ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ಅದನ್ನು ದಿನಕ್ಕೆ 10, ವಾರಕ್ಕೆ 54 ಗಂಟೆಗೆ ಇಳಿಸಿತು. ಅಂಬೇಡ್ಕರರ ಖಾತೆ ತಂದ 1946ರ ತಿದ್ದುಪಡಿ ಇದನ್ನು ವಾರಕ್ಕೆ 48 ಗಂಟೆಗೆ ತಂದಿತು. ವಾರಕ್ಕೆ ಆರು ದಿನ ಎಂದರೆ ಸರಾಸರಿ 8 ಗಂಟೆ. ದಿನದ ಗರಿಷ್ಠ ಮಿತಿ 9 ಗಂಟೆ. ಅಂದರೆ ಎಂಟು ಗಂಟೆಯ ಶ್ರೇಯಸ್ಸಿನಲ್ಲಿ ಸತ್ಯವಿದೆ, ಆದರೆ ಇಳಿದದ್ದು 14ರಿಂದ ಅಲ್ಲ, ಕಾಯ್ದೆಯಾದ ವರ್ಷ 1942 ಅಲ್ಲ. ಎಂಟು ಗಂಟೆಯ ಬೇಡಿಕೆಯೂ ಅವರೊಬ್ಬರದ್ದಲ್ಲ. ಜಗತ್ತಿನ ಕಾರ್ಮಿಕರು ಹತ್ತೊಂಬತ್ತನೇ ಶತಮಾನದಿಂದ ಅದಕ್ಕಾಗಿ ಹೋರಾಡಿದ್ದರು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಮೊಟ್ಟಮೊದಲ ಒಪ್ಪಂದವನ್ನೇ ಅದರ ಮೇಲೆ ಮಾಡಿತ್ತು.

ಈ ಭಾಗದವರಿಗೆ ಇನ್ನೂ ಮುಖ್ಯವಾದ ಸಂಗತಿ ಬೇರೆಯದು. ಆ 48 ಗಂಟೆ ನಮ್ಮ ಕಡೆಯ ಬಹುಪಾಲು ದುಡಿಯುವವರಿಗೆ ಮುಟ್ಟಲೇ ಇಲ್ಲ. ಸಕ್ಕರೆ ತಯಾರಿಕೆಯನ್ನು 1934ರ ಕಾಯ್ದೆ ಹಂಗಾಮಿ ಕಾರ್ಖಾನೆಗಳ ಪಟ್ಟಿಯಲ್ಲಿ ಇಟ್ಟಿತ್ತು. ಅವಕ್ಕೆ ದಿನಕ್ಕೆ 11, ವಾರಕ್ಕೆ 60 ಗಂಟೆ. 1946ರಲ್ಲಿ ಅದು ವಾರಕ್ಕೆ 50 ಆಯಿತು. ಕಾಗವಾಡ ಕಡೆಯ ಉಗಾರದಲ್ಲಿ ಆ ಹೊತ್ತಿಗಾಗಲೇ ಸಕ್ಕರೆ ಕಾರ್ಖಾನೆ ಇತ್ತು. ಇನ್ನು ನಿಪ್ಪಾಣಿಯ ಬೀಡಿ? ಆ ಕಾಯ್ದೆಯ ಪ್ರಕಾರ ಕಾರ್ಖಾನೆ ಎಂದರೆ ಮುಖ್ಯವಾಗಿ ಯಂತ್ರಶಕ್ತಿ ಬಳಸುವ ಜಾಗ. ಮನೆಯ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಅವ್ವ, ಅಕ್ಕ ಅದರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಥಣಿಯಲ್ಲಿ ಮನೆಮನೆಗಳಲ್ಲಿ ಚಪ್ಪಲಿ ಹೊಲಿಯುವವರಿಗೂ, ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರಿಗೂ ಅದೇ ಕಥೆ. ಎಲ್ಲ ಕಾರ್ಮಿಕರಿಗೂ ಎಂಟು ಗಂಟೆ ಎಂಬ ಸಾಲನ್ನು ಹಂಚುವಾಗ ಇವರನ್ನು ಮರೆತಂತೆ ಆಗುತ್ತದೆ.

ಬರೆದಿಟ್ಟ ನಿಯಮದ ಬೆಲೆ

ಅದೇ ಅವಧಿಯ ಇನ್ನೆರಡು ಕಾಯ್ದೆಗಳ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಒಂದು, 1945ರಲ್ಲಿ ಬಂದ ಸಂಬಳ ಸಹಿತ ರಜೆಯ ತಿದ್ದುಪಡಿ. ಒಂದು ವರ್ಷ ಸೇವೆ ಮುಗಿಸಿದ ಕಾರ್ಖಾನೆ ಕಾರ್ಮಿಕನಿಗೆ ಸತತ ಹತ್ತು ದಿನದ ರಜೆ. ದಣಿವು ಕಳೆಯುವುದು ಸೋಮಾರಿತನವಲ್ಲ, ಅದು ಹಕ್ಕು ಎಂದು ಕಾನೂನು ಒಪ್ಪಿತು.

ಎರಡನೆಯದು 1946ರ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆ. ಹೆಸರು ಒರಟು, ಒಳಗಿರುವುದು ಬಂಗಾರ. ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆ ತನ್ನ ನಿಯಮಗಳನ್ನು ಬರೆದು, ಪ್ರಮಾಣೀಕರಿಸಿಕೊಂಡು, ಕಾರ್ಮಿಕರಿಗೆ ಕಾಣುವಂತೆ ಅವರ ಭಾಷೆಯಲ್ಲೂ ಹಚ್ಚಬೇಕಿತ್ತು. ಪಾಳಿ ಯಾವಾಗ, ರಜೆ ಹೇಗೆ, ಯಾವುದು ದುರ್ನಡತೆ, ಶಿಕ್ಷೆ ಏನು, ಕೆಲಸದಿಂದ ತೆಗೆಯುವ ಕ್ರಮ ಯಾವುದು ಎಲ್ಲವೂ ಅದರಲ್ಲಿರಬೇಕಿತ್ತು. ಪಟ್ಟಿಯಲ್ಲಿ ಇನ್ನೊಂದು ಅಂಶವೂ ಇತ್ತು. ಮಾಲೀಕನಾಗಲಿ ಅವನ ಕೈಕೆಳಗಿನವರಾಗಲಿ ಅನ್ಯಾಯವಾಗಿ ನಡೆಸಿಕೊಂಡರೆ, ದಬ್ಬಾಳಿಕೆಯಿಂದ ವಸೂಲಿ ಮಾಡಿದರೆ, ಕಾರ್ಮಿಕ ಎಲ್ಲಿ ದೂರು ಕೊಡಬೇಕು ಎಂಬುದನ್ನೂ ಬರೆದಿರಬೇಕಿತ್ತು.

ಸಾತಾರದ ಆ ನಲ್ಲಿಯನ್ನು ನೆನಪಿಸಿಕೊಳ್ಳಿ. ಜವಾನ ಬಂದರೆ ನೀರು, ಬರದಿದ್ದರೆ ಇಲ್ಲ. ಮೇಸ್ತ್ರಿಯ ಮೂಡ್ ಚೆನ್ನಾಗಿದ್ದರೆ ರಜೆ, ಇಲ್ಲದಿದ್ದರೆ ಕೆಲಸ ಹೋಯಿತು. ಇಂಥ ಅನಿಶ್ಚಿತತೆಗೆ ಬರೆದಿಟ್ಟ ನಿಯಮ ದೊಡ್ಡ ಮದ್ದು. ಸಭೆಯಲ್ಲಿ ಒಂದು ದಿನ ಯೋಗ ಮಾಡಿಸಿ, ಟೆನ್ಷನ್ ನಿವಾರಣೆಯ ಒಂದು ಭಾಷಣ ಇಡಿಸಿ, ಫೋಟೊ ಹಾಕಿ ಮುಗಿಸುವ ಕಾರ್ಯಕ್ರಮಗಳಿಂದ ಈ ಕೆಲಸ ಆಗುವುದಿಲ್ಲ. ಯೋಗ ಬೇಡ ಎನ್ನುತ್ತಿಲ್ಲ. ಆದರೆ ಬೆಳಿಗ್ಗೆ ಪ್ರಾಣಾಯಾಮ ಮಾಡಿಸಿ ಮಧ್ಯಾಹ್ನ ಎಲ್ಲರೆದುರು ಬೈದರೆ ಆ ಪ್ರಾಣಾಯಾಮಕ್ಕೆ ಅರ್ಥವೇನು? ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಮಾರ್ಗಸೂಚಿ ಕೂಡ ವ್ಯಕ್ತಿಗೆ ಕೊಡುವ ತರಬೇತಿಯ ಜೊತೆಗೆ ಕೆಲಸದ ವ್ಯವಸ್ಥೆಯನ್ನೇ ಬದಲಿಸಲು ಹೇಳುತ್ತದೆ. ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ ಎಂಬುದು ಅದೇ ಸಂಸ್ಥೆಯ ಅಂದಾಜು.

ನಿಮ್ಮ ಸಂಸ್ಥೆಯ ಕಾರ್ಯಕ್ರಮ ನಿಜವೋ ತೋರಿಕೆಯೋ ಎಂದು ನೋಡಲು ಕೆಲವು ಪ್ರಶ್ನೆ ಸಾಕು. ದೂರು ಯಾರಿಗೆ ಕೊಡಬೇಕು ಎಂದು ಗೇಟಿನ ಬಳಿ ಕನ್ನಡದಲ್ಲೋ ಮರಾಠಿಯಲ್ಲೋ ಬರೆದು ಹಚ್ಚಿದ್ದಾರೆಯೇ? ಹೋದ ವರ್ಷ ಬಂದ ದೂರುಗಳಲ್ಲಿ ಎಷ್ಟು ಬಗೆಹರಿದವು ಎಂದು ಯಾರಾದರೂ ಎಣಿಸಿದ್ದಾರೆಯೇ? ದೂರು ಕೊಟ್ಟವರು ಇನ್ನೂ ಕೆಲಸದಲ್ಲಿ ಇದ್ದಾರೆಯೇ? ಒಂದೂ ದೂರು ಇಲ್ಲ ಎಂದು ಹೆಮ್ಮೆಪಡುವ ಸಂಸ್ಥೆಯ ಬಗ್ಗೆ ಸ್ವಲ್ಪ ಅನುಮಾನ ಇರಲಿ. ದೂರು ಇಲ್ಲದಿರುವುದಕ್ಕೆ ಭಯವೂ ಕಾರಣ ಇರಬಹುದು.

ಬೀಡಿಗೆ ಬಂದ ಕಾಯ್ದೆ

1946ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ಕಾರ್ಮಿಕ ಸದಸ್ಯರಾಗಿದ್ದಾಗಲೇ ಕನಿಷ್ಠ ವೇತನ ಮಸೂದೆ ಮಂಡನೆಯಾಯಿತು. 1948ರಲ್ಲಿ ಕಾಯ್ದೆಯಾದಾಗ ಅದರ ಪಟ್ಟಿಯಲ್ಲಿ ಬೀಡಿ ಸೇರಿದಂತೆ ತಂಬಾಕು ತಯಾರಿಕೆಯೂ ಇತ್ತು. ನಿಪ್ಪಾಣಿಗೆ ಆ ಕಾಲದ ಕಾನೂನುಗಳಿಂದ ನೇರವಾಗಿ ಸಿಕ್ಕಿದ್ದು ಮುಖ್ಯವಾಗಿ ಇದು.

1947ರ ಆಗಸ್ಟ್‌ನಲ್ಲಿ ಅವರು ಸಂವಿಧಾನದ ಕರಡು ಸಮಿತಿಗೆ ಸೇರಿ ಅಧ್ಯಕ್ಷರಾದರು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 42ನೇ ವಿಧಿ ದುಡಿಮೆಯ ಪರಿಸ್ಥಿತಿ ನ್ಯಾಯವೂ ಮಾನವೀಯವೂ ಆಗಿರಬೇಕೆಂದೂ, ಹೆರಿಗೆ ಸೌಲಭ್ಯ ಇರಬೇಕೆಂದೂ ಹೇಳಿತು. ಈ ಎಲ್ಲ ವರ್ಷಗಳಲ್ಲಿ ಅವರ ಆರೋಗ್ಯ ಕುಸಿಯುತ್ತಿತ್ತು. ಮಧುಮೇಹ, ನರನೋವು, ನಿದ್ದೆಯ ಕೊರತೆ ಕಾಡುತ್ತಿದ್ದವು. ಇನ್ನೊಬ್ಬರಿಗೆ ರಜೆಯ ಹಕ್ಕು ಕೊಡಿಸಿದವರು ತಾವು ಮಾತ್ರ ರಜೆ ತೆಗೆದುಕೊಂಡದ್ದು ಕಡಿಮೆ. 1951ರಲ್ಲಿ ಹಿಂದೂ ಸಂಹಿತೆ ಮಸೂದೆಯ ವಿಷಯದಲ್ಲಿ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧಧರ್ಮ ಸ್ವೀಕರಿಸಿದರು. ಎರಡು ತಿಂಗಳೂ ತುಂಬುವ ಮೊದಲು, ಡಿಸೆಂಬರ್ 6ರಂದು, ದೆಹಲಿಯಲ್ಲಿ ನಿಧನರಾದರು.

ಅವರು ಹೋಗಿ ಹತ್ತು ವರ್ಷಕ್ಕೆ, 1966ರಲ್ಲಿ, ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರು ಎಂದು ಅದು ಒಪ್ಪಿಕೊಂಡಿತು. ಬೀಡಿ ಕಟ್ಟುವವರಿಗೆ ದಿನಗೂಲಿಯಷ್ಟೇ ಕಾಡುವುದು ಸಂಜೆಯ ಲೆಕ್ಕ. ತಂದ ಕಟ್ಟುಗಳಲ್ಲಿ ಗುಣಮಟ್ಟ ಸರಿಯಿಲ್ಲ ಎಂದು ಎಷ್ಟನ್ನು ಬದಿಗೆ ಸರಿಸುತ್ತಾರೋ, ಅಷ್ಟು ದುಡಿಮೆ ಹೋದಂತೆ. ತಿರಸ್ಕರಿಸುವುದಕ್ಕೆ ಗರಿಷ್ಠ ಮಿತಿ ನಿಗದಿ ಮಾಡಲು ಸರ್ಕಾರಗಳಿಗೆ ಆ ಕಾಯ್ದೆ ಅಧಿಕಾರ ಕೊಟ್ಟಿತು. ಗುಣಮಟ್ಟದ ಹೆಸರಿನಲ್ಲಿ ಮನುಷ್ಯರನ್ನು ಹೆದರಿಸಬಾರದು ಎಂಬ ಮಾತು ಹೀಗೆ ಬೀಡಿಯ ಲೆಕ್ಕದಲ್ಲೂ ಬಂತು. ಕಾಯ್ದೆ ಬಂದ ಮಾತ್ರಕ್ಕೆ ಜಾರಿ ಆಗಲಿಲ್ಲ ಎಂಬುದು ಬೇರೆ ಮಾತು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಬೀದಿಗಿಳಿಯಬೇಕಾಯಿತು. 1982ರಲ್ಲಿ ಯುಗಾಂತರ್ ಎಂಬ ಮಹಿಳೆಯರ ಚಿತ್ರತಂಡ ಅವರ ಜೊತೆಗಿದ್ದು ತಂಬಾಕು ಚಾಕಿಲಾ ಊಬ ಆಲಿ ಎಂಬ ಸಾಕ್ಷ್ಯಚಿತ್ರ ಮಾಡಿತು.

ಹಳೆಯ ಕಾರ್ಮಿಕ ಕಾಯ್ದೆಗಳನ್ನು 2019 ಮತ್ತು 2020ರಲ್ಲಿ ಸಂಸತ್ತು ಒಪ್ಪಿದ ನಾಲ್ಕು ಸಂಹಿತೆಗಳೊಳಗೆ ಸೇರಿಸಲಾಗಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಸಣ್ಣ ಜಾಗದವರಿಗೆ, ಮನೆಗೆಲಸದವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಕೆಲಸದ ನೋವು ಮನಸ್ಸನ್ನು ತಿನ್ನುತ್ತಿದ್ದರೆ, ನಿದ್ದೆ ಬಾರದಿದ್ದರೆ, ಬದುಕು ಸಾಕೆನಿಸಿದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಆ ಫಾರ್ವರ್ಡ್. ಈ ಸಲ ಬಂದರೆ ಅಳಿಸಬೇಡಿ. 1942 ಇದ್ದಲ್ಲಿ 1946 ಮಾಡಿ, 14 ಗಂಟೆ ಇದ್ದಲ್ಲಿ ವಾರಕ್ಕೆ 54ರಿಂದ 48 ಎಂದು ತಿದ್ದಿ, ಎಲ್ಲ ಕಾರ್ಮಿಕರು ಎಂಬುದನ್ನು ಕಾರ್ಖಾನೆ ಕಾರ್ಮಿಕರು ಎಂದು ಬದಲಿಸಿ. ಜಾಗ ಉಳಿದರೆ ನಿಪ್ಪಾಣಿಯ 1925ರ ಪರಿಷತ್ತಿನ ಬಗ್ಗೆ ಒಂದು ಸಾಲು ಸೇರಿಸಿ, ಆಮೇಲೆ ಕಳಿಸಿ.